ಯಾಣದ ಬಂಡೆ ಯಾಕೆ ಅಷ್ಟು ಕಪ್ಪು?

ಪ್ರಶ್ನೆ: ಸರ್, ಯಾಣದ ಬಂಡೆ ಕಪ್ಪಾಗಿದ್ದು ಭಸ್ಮಾಸುರ ಸುಟ್ಟುಹೋದ ಬೆಂಕಿಯಿಂದ ಅಂತ ನಮ್ಮಜ್ಜಿ ಹೇಳ್ತಿದ್ದರು. ನಿಜ ಏನು? ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಅಂತಾರಲ್ಲ, ಅದು ಯಾಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ಅಜ್ಜಿಯ ಕಥೆ ಚೆಂದವೇ ಇದೆ, ಬಿಡಬೇಡಿ. ಆದರೆ ಆ ಬಂಡೆ ಸುಣ್ಣದಕಲ್ಲು. ಸುಣ್ಣ ಅಂದ್ರೆ ಬಿಳಿ ಅಂದುಕೊಳ್ಳುತ್ತೇವೆ ಅಲ್ವಾ, ಇದು ಕಪ್ಪು ಜಾತಿಯದು. ಮಳೆನೀರಿನಲ್ಲಿ ಸಣ್ಣ ಹುಳಿಯಂಶ ಇರುತ್ತದೆ, ಅದು ಸಾವಿರಾರು ವರ್ಷ ಬಿರುಕಿನಲ್ಲಿ ಇಳಿದು ಕಲ್ಲನ್ನು ಕರಗಿಸುತ್ತಾ ಹೋಗಿ, ಕರಗದೆ ಉಳಿದದ್ದೇ ಈ ಚೂಪು ಶಿಖರಗಳು. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ 90. ಕೆಳಗಿನ ಗುಹೆಯಲ್ಲಿ ಲಿಂಗದ ಮೇಲೆ ಬಂಡೆಯಿಂದ ನೀರು ಹನಿಯುತ್ತಲೇ ಇರುತ್ತದೆ. ತಲೆಯೆತ್ತಿ ನೋಡಿದರೆ ಕಲ್ಲಿಗೆ ಹೆಜ್ಜೇನು ಜೋತುಬಿದ್ದಿರುತ್ತದೆ, ಅಲ್ಲಿ ಕೂಗಾಡಬೇಡಿ ಮಾರಾಯ್ರೆ!

ಗಾದೆಗೆ ಕಾರಣ ದಾರಿ. ಊರು ಕುಮಟಾ ತಾಲೂಕಿನದು, ಆದರೆ ಘಟ್ಟದ ಕಾಡಿನೊಳಗೆ. ಆಗ ರಸ್ತೆ ಎಲ್ಲಿತ್ತು? ಹಳ್ಳ ದಾಟಿ, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕಿತ್ತುಕೊಳ್ಳುತ್ತಾ ನಡೆಯಲು ಮೈಯಲ್ಲಿ ಸೊಕ್ಕೇ ಬೇಕಿತ್ತು. ಗೋಕರ್ಣದಲ್ಲಾದರೆ ಪೂಜೆ, ದಕ್ಷಿಣೆ ಅಂತ ಕೈಯಲ್ಲಿ ದುಡ್ಡು ಬೇಕು. ಈಗ ಹತ್ತಿರದವರೆಗೂ ಕಾರು ಹೋಗುತ್ತದೆ. ಶಿವರಾತ್ರಿಗೆ ಜನ ಜಾಸ್ತಿ, ಸುಮ್ನೆ ಕಲ್ಲು ನೋಡೋದಾದರೆ ಮಳೆ ಮುಗಿದ ಮೇಲೆ ಹೋಗಿ.