ರಕ್ತದ ಕೊಲೆಸ್ಟ್ರಾಲ್ ಪರೀಕ್ಷೆಯಿಂದ ಆಲ್ಝೈಮರ್ ಕಾಯಿಲೆಯನ್ನು ಪತ್ತೆ ಮಾಡಬಹುದೇ?

ನಿಮ್ಮ ತಾಯಿಯವರಿಗೆ 68 ವರ್ಷ, ಈಚೆಗೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಾರೆ, ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ವರದಿಯಲ್ಲಿ ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ ಹೆಚ್ಚು ಬಂದಿದೆ, ಇದು ಆಲ್ಝೈಮರ್ ಕಾಯಿಲೆಯ ಸೂಚನೆಯೇ ಎಂದು ಕೇಳಿದ್ದೀರಿ. ಆ ವರದಿಯನ್ನು ನೋಡಿ ಕಾಯಿಲೆ ಇದೆ ಎಂದಾಗಲೀ ಇಲ್ಲ ಎಂದಾಗಲೀ ಹೇಳಲು ಬರುವುದಿಲ್ಲ. ನಾನು ವೈದ್ಯನಲ್ಲ, ರಕ್ತದಲ್ಲಿನ ಕೊಲೆಸ್ಟ್ರಾಲ್ ಮತ್ತು ಅದರಂಥ ವಸ್ತುಗಳಾದ ಸ್ಟೆರಾಲ್‌ಗಳನ್ನು ಅಳೆಯುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ರಕ್ತದ ಕೊಲೆಸ್ಟ್ರಾಲ್ ನೋಡಿ ಆಲ್ಝೈಮರ್ ಪತ್ತೆ ಮಾಡಬಹುದೆಂದು ನೀವು ಓದಿದ ಸುದ್ದಿಗೆ ಆಧಾರವಾದ ಸಂಶೋಧನೆ ನಿಜವಾದದ್ದೇ. ಆದರೆ ಅದು ನಿಮ್ಮ ಕೈಯಲ್ಲಿರುವ ವರದಿಯ ಕೊಲೆಸ್ಟ್ರಾಲ್ ಕುರಿತದ್ದಲ್ಲ.

ಮಿದುಳಿನ ತೂಕ ದೇಹದ ತೂಕದ ಸುಮಾರು ಶೇಕಡಾ 2ರಷ್ಟು ಮಾತ್ರ. ಆದರೂ ದೇಹದ ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಶೇಕಡಾ 20ರಿಂದ 25ರಷ್ಟು ಅಲ್ಲಿಯೇ ಇರುತ್ತದೆ, ಅದರಲ್ಲೂ ಹೆಚ್ಚಿನ ಪಾಲು ನರತಂತುಗಳನ್ನು ಸುತ್ತಿಕೊಂಡಿರುವ ಮಯಲಿನ್ ಪೊರೆಯಲ್ಲಿರುತ್ತದೆ. ರಕ್ತದಲ್ಲಿ ಎಲ್‌ಡಿಎಲ್ ಕಣಗಳೊಂದಿಗೆ ಸಾಗುವ ಕೊಲೆಸ್ಟ್ರಾಲ್ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯನ್ನು ದಾಟಲಾರದು. ಹಾಗಾಗಿ ಮಿದುಳು ತನಗೆ ಬೇಕಾದಷ್ಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಿಮ್ಮ ತಾಯಿಯವರ ಎಲ್‌ಡಿಎಲ್ ಏರಿದೆ ಎಂಬುದರಿಂದ ಮಿದುಳಿನೊಳಗಿನ ಕೊಲೆಸ್ಟ್ರಾಲ್ ಬಗ್ಗೆ ಏನೂ ತಿಳಿಯದಿರುವುದು ಈ ಕಾರಣಕ್ಕೆ.

ಹಾಗೆಂದು ಮಿದುಳು ಪೂರ್ತಿ ಮುಚ್ಚಿಕೊಂಡಿರುವುದೂ ಇಲ್ಲ. ಹೆಚ್ಚಾದ ಕೊಲೆಸ್ಟ್ರಾಲ್ ಹೊರಹೋಗಲೇಬೇಕು. ಅದಕ್ಕಾಗಿ ನರಕೋಶಗಳಲ್ಲಿರುವ ಸಿವೈಪಿ46ಎ1 ಎಂಬ ಕಿಣ್ವ ಅದನ್ನು 24ಎಸ್-ಹೈಡ್ರಾಕ್ಸಿಕೊಲೆಸ್ಟ್ರಾಲ್ ಆಗಿ ಬದಲಿಸುತ್ತದೆ. ಈ ರೂಪ ತಡೆಗೋಡೆಯನ್ನು ದಾಟಿ ರಕ್ತಕ್ಕೆ ಬಂದು ಯಕೃತ್ತನ್ನು ಸೇರಿ ವಿಲೇವಾರಿಯಾಗುತ್ತದೆ. ದಿನಕ್ಕೆ ಹೀಗೆ ಹೊರಬರುವುದು ಸುಮಾರು 6ರಿಂದ 7 ಮಿಲಿಗ್ರಾಂ. ರಕ್ತದಲ್ಲಿರುವ ಈ ವಸ್ತುವಿನ ಬಹುಪಾಲು ಮಿದುಳಿನಿಂದಲೇ ಬಂದದ್ದು ಎಂದು 1990ರ ದಶಕದಲ್ಲಿ ಗೊತ್ತಾದಾಗ, ತೋಳಿನಿಂದ ತೆಗೆದ ರಕ್ತದಲ್ಲೇ ನರಕೋಶಗಳ ಸ್ಥಿತಿಯನ್ನು ಅಂದಾಜು ಮಾಡಬಹುದೆಂಬ ಆಸೆ ಹುಟ್ಟಿತು. ಆ ಆಸೆ ಅಸಮಂಜಸವಾಗಿರಲಿಲ್ಲ, ಈಗಲೂ ಈ ಅಣುವಿನ ಬಗ್ಗೆ ನನಗೆ ತುಂಬ ಆಸಕ್ತಿಯಿದೆ.

ತೊಂದರೆ ಮೊದಲು ಎದುರಾಗುವುದು ಅಳತೆಯಲ್ಲಿ. ಸಾಮಾನ್ಯ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ ಡೆಸಿಲೀಟರಿಗೆ 200 ಮಿಲಿಗ್ರಾಂ ಎಂದಿದ್ದರೆ, ಈ ಅಣುವಿನ ಪ್ರಮಾಣ ಅದರ ಹತ್ತಾರು ಸಾವಿರದಲ್ಲೊಂದು ಪಾಲಿನಷ್ಟಿರುತ್ತದೆ. ಜೊತೆಗೆ 24, 25 ಮತ್ತು 27ನೇ ಇಂಗಾಲದ ಮೇಲೆ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಇರುವ ಮೂರೂ ರೂಪಗಳ ಅಣುತೂಕ ಒಂದೇ ಆದ್ದರಿಂದ, ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಹೋಗುವ ಮೊದಲೇ ಅವುಗಳನ್ನು ಬೆರೆತ ವಸ್ತುಗಳನ್ನು ಬಿಡಿಸುವ ಕ್ರೊಮ್ಯಾಟೋಗ್ರಫಿಯ ಕಾಲಂನಲ್ಲಿ ಬೇರ್ಪಡಿಸಬೇಕು. ಮಾದರಿಗೆ ಗಾಳಿ ತಾಗಿದರೆ ಕೊಲೆಸ್ಟ್ರಾಲ್ ತಾನಾಗಿಯೇ ಆಕ್ಸಿಡೀಕರಣಗೊಂಡು, ರೋಗಿಯ ದೇಹದಲ್ಲಿ ಅಷ್ಟಿರದಿದ್ದ 7-ಕೀಟೊಕೊಲೆಸ್ಟ್ರಾಲ್‌ನಂಥವು ಟ್ಯೂಬಿನಲ್ಲೇ ಹುಟ್ಟಿಕೊಳ್ಳುತ್ತವೆ. ಅದನ್ನು ತಡೆಯಲು ಪ್ಲಾಸ್ಮಾಕ್ಕೆ (ರಕ್ತಕಣ ತೆಗೆದ ದ್ರವಕ್ಕೆ) ಬಿಎಚ್‌ಟಿ ಎಂಬ ಉತ್ಕರ್ಷಣ ನಿರೋಧಕವನ್ನು ಸೇರಿಸುತ್ತೇವೆ. ರಕ್ತವನ್ನು ಎಷ್ಟು ಹೊತ್ತು, ಹೇಗೆ ಇಟ್ಟಿದ್ದರು ಎಂಬ ವಿವರವಿಲ್ಲದ ಆಕ್ಸಿಸ್ಟೆರಾಲ್ (ಆಮ್ಲಜನಕ ಸೇರಿದ ಇಂಥ ಕೊಲೆಸ್ಟ್ರಾಲ್ ರೂಪಗಳ) ಫಲಿತಾಂಶವನ್ನು ನಾನು ನಂಬುವುದಿಲ್ಲ.

ಅಳತೆ ಸರಿಯಾಗಿದ್ದರೂ ಅದನ್ನು ಅರ್ಥೈಸುವುದು ಇನ್ನೂ ಕಷ್ಟ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಲ್ಝೈಮರ್ ರೋಗಿಗಳ ಪ್ಲಾಸ್ಮಾದಲ್ಲಿ 24ಎಸ್-ಹೈಡ್ರಾಕ್ಸಿಕೊಲೆಸ್ಟ್ರಾಲ್ ಹೆಚ್ಚಿತ್ತು, ನಂತರದ ಹಲವು ಅಧ್ಯಯನಗಳಲ್ಲಿ ಕಡಿಮೆ ಇತ್ತು. ಇವೆರಡೂ ನಿಜವಿರಬಹುದು: ನರಕೋಶಗಳು ಹಾನಿಗೊಳಗಾಗುವಾಗ ಅವುಗಳ ಪೊರೆಯ ಕೊಲೆಸ್ಟ್ರಾಲ್ ಹೊರಬಿದ್ದು ಪ್ರಮಾಣ ಏರಬಹುದು, ಮುಂದೆ ನರಕೋಶಗಳೇ ಸತ್ತು ಕಿಣ್ವವೂ ಕಡಿಮೆಯಾದಾಗ ಪ್ರಮಾಣ ಇಳಿಯುತ್ತದೆ. ಅಂದರೆ ಏರಿ ಇಳಿಯುವ ಹಾದಿಯ ನಡುವೆ ಎಲ್ಲೋ ಒಂದು ಕಡೆ ರೋಗಿಯ ಫಲಿತಾಂಶ ಆರೋಗ್ಯವಂತರದ್ದಕ್ಕೆ ಸರಿಸಮವಾಗಿಯೇ ಕಾಣಬಹುದು. ಯಕೃತ್ತಿನ ಕೆಲಸ, ವಯಸ್ಸು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಎಲ್ಲವೂ ಇದರ ಮೇಲೆ ಪ್ರಭಾವ ಬೀರುತ್ತವೆ. ಗುಂಪುಗಳ ಸರಾಸರಿಯಲ್ಲಿ ವ್ಯತ್ಯಾಸ ಕಂಡ ಮಾತ್ರಕ್ಕೆ ಒಬ್ಬ ವ್ಯಕ್ತಿಯ ರೋಗನಿರ್ಣಯ ಸಾಧ್ಯವಾಗುವುದಿಲ್ಲ. 2014ರಲ್ಲಿ ರಕ್ತದ 10 ಲಿಪಿಡ್‌ಗಳಿಂದ ಎರಡು ಮೂರು ವರ್ಷ ಮೊದಲೇ ಕಾಯಿಲೆಯನ್ನು ಶೇಕಡಾ 90ಕ್ಕೂ ಹೆಚ್ಚು ನಿಖರತೆಯಿಂದ ಊಹಿಸಬಹುದೆಂಬ ವರದಿ ದೊಡ್ಡ ಸುದ್ದಿಯಾಗಿತ್ತು. 2016ರಲ್ಲಿ ಬೇರೆ ಸಮೂಹಗಳಲ್ಲಿ ಪರೀಕ್ಷಿಸಿದಾಗ ಆ ನಿಖರತೆ ಸಿಗಲಿಲ್ಲ.

ಕೊಲೆಸ್ಟ್ರಾಲ್‌ಗೂ ಈ ಕಾಯಿಲೆಗೂ ನಂಟೇ ಇಲ್ಲವೆಂದು ನಾನು ಹೇಳುತ್ತಿಲ್ಲ. 1993ರಲ್ಲಿ ಗುರುತಿಸಲಾದ ಪ್ರಮುಖ ಆನುವಂಶಿಕ ಅಪಾಯಾಂಶ ಎಪಿಒಇ4, ಕೊಲೆಸ್ಟ್ರಾಲನ್ನು ಸಾಗಿಸುವ ಪ್ರೋಟೀನಿನದೇ ಒಂದು ರೂಪ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ನಡುವಯಸ್ಸಿನ ಹೆಚ್ಚಿನ ಎಲ್‌ಡಿಎಲ್ ಅನ್ನು ಡಿಮೆನ್ಷಿಯಾದ (ಮರೆಗುಳಿ ಕಾಯಿಲೆಗಳ) ತಡೆಯಬಹುದಾದ 14 ಅಪಾಯಾಂಶಗಳಲ್ಲಿ ಒಂದಾಗಿ ಸೇರಿಸಿತು. ಅಪಾಯಾಂಶ ಬೇರೆ, ಪತ್ತೆ ಹಚ್ಚುವ ಗುರುತು ಬೇರೆ. ಎಲ್‌ಡಿಎಲ್ ಅನ್ನು ಹತೋಟಿಯಲ್ಲಿಡಬೇಕಾದದ್ದು ಹೃದಯಕ್ಕಾಗಿ, ರಕ್ತನಾಳಗಳಿಗಾಗಿ. ಕಾಯಿಲೆ ಈಗಾಗಲೇ ಇದ್ದವರಿಗೆ ಸ್ಟ್ಯಾಟಿನ್ ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳಲ್ಲಿ ಮರೆವಿನ ವೇಗ ತಗ್ಗಲಿಲ್ಲ. ಹಾಗೆಂದು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ದಯವಿಟ್ಟು ನಿಲ್ಲಿಸಬೇಡಿ.

ನಿಮ್ಮ ತಾಯಿಯವರನ್ನು ನರರೋಗ ತಜ್ಞರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಹಾಗೂ ಕೆಲವು ನಿದ್ರೆಮಾತ್ರೆಗಳಿಂದಲೂ ಮರೆವು ಬರುತ್ತದೆ, ಇವುಗಳಿಗೆ ಪರಿಹಾರವಿದೆ. ಆದ್ದರಿಂದ ಮೊದಲು ಇವನ್ನು ನೋಡಬೇಕು, ಜೊತೆಗೆ ನೆನಪಿನ ಶಕ್ತಿಯ ಪರೀಕ್ಷೆ ಆಗಬೇಕು. ಆ ಬಳಿಕವೂ ಅನುಮಾನ ಉಳಿದರೆ ಕೇಳಬೇಕಾದ ರಕ್ತಪರೀಕ್ಷೆ ಕೊಲೆಸ್ಟ್ರಾಲ್‌ನದಲ್ಲ, ಪಿ-ಟೌ217 ಎಂಬ ಪ್ರೋಟೀನಿನದು. ಇದನ್ನು, ಆಲ್ಝೈಮರ್ ಇದ್ದಾಗ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಪ್ರೋಟೀನಿನ ಜೊತೆ ಹೋಲಿಸಿ ನೋಡುವ ಪರೀಕ್ಷೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಮೇ ತಿಂಗಳಲ್ಲಿ ಅನುಮತಿ ನೀಡಿತು, ಅದೂ ಲಕ್ಷಣಗಳಿರುವ 55 ವರ್ಷ ಅಥವಾ ಅದಕ್ಕೂ ಹೆಚ್ಚಿನ ವಯಸ್ಸಿನವರಿಗೆ ಮಾತ್ರ. ನಿಮ್ಮ ತಾಯಿಯವರಿಗೆ ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ, ಏಕೆಂದರೆ ಆಲ್ಝೈಮರ್ ಇಲ್ಲದಿದ್ದರೂ ಆ ಕಾರಣದಿಂದಲೇ ಪಿ-ಟೌ217 ಹೆಚ್ಚಾಗಿ ಕಾಣಿಸಬಹುದು.