ಮಂತ್ರವನ್ನು ತಪ್ಪು ಮನೆಯಲ್ಲಿಟ್ಟಿದ್ದೀರಿ

ಆತ್ಮೀಯರೇ,

ನಿಮ್ಮ ಪ್ಲೇಗ್ ಕಾಲದ ಮಾಂತ್ರಿಕ ಕಾದಂಬರಿಯನ್ನು ಡೊಂಬಿವಲಿ ಲೋಕಲ್‌ನಲ್ಲಿ, ಸೀಟು ಸಿಕ್ಕ ದಿನ ಕೂತು, ಸಿಗದ ದಿನ ನಿಂತು, ಓದಿ ಮುಗಿಸಿದೆ. ಈಗಿನ ರೂಪದಲ್ಲಿ ಧಾರಾವಾಹಿಯಾಗಿ ಹಾಕಲಾಗದು. ಬೇಜಾರು ಮಾಡಿಕೊಳ್ಳುವ ಮೊದಲು ಕಾರಣ ಕೇಳಿ.

ಸಣ್ಣಪುಟ್ಟದ್ದು ಮೊದಲು. ನಿಮ್ಮ ವಾಸುದೇವ 1897ರಲ್ಲಿ ಮಂಗಳೂರಿನಲ್ಲಿ ರೈಲು ಹತ್ತಿ ಬೊಂಬಾಯಿಗೆ ಬರುತ್ತಾನೆ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅವನನ್ನು ಹಡಗು ಹತ್ತಿಸಿ. ಬಂದವನು ಮಾಟುಂಗದ ಉಡುಪಿ ಹೋಟೆಲಿನಲ್ಲಿ ಮಸಾಲೆ ದೋಸೆ ಬೇರೆ ತಿನ್ನುತ್ತಾನೆ! ಆ ಪ್ಲೇಗಿನಿಂದಾಗಿ 1898ರಲ್ಲಿ ನಗರ ಸುಧಾರಣೆಯ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿದ ಮೇಲಷ್ಟೇ ಮಾಟುಂಗ ಬಡಾವಣೆಯಾದದ್ದು. ಇದೆಲ್ಲ ಒಂದು ಭಾನುವಾರದ ಕೆಲಸ.

ಕಷ್ಟದ್ದು ಮಂತ್ರ. ಪ್ಲೇಗ್ ಗಡ್ಡೆಯನ್ನು ಮುಟ್ಟಿ ಕರಗಿಸುವ ಶಕ್ತಿ ವಾಸುದೇವನ ವಂಶದಲ್ಲಿ ಏಳು ತಲೆಮಾರಿನಿಂದ ಬಂದಿದೆ. ಅವನ ಜೊತೆ ಬಂದ, ಮುಟ್ಟಿಸಿಕೊಳ್ಳದ ಜಾತಿಯ ತುಕ್ರನಿಗೆ ನಿಷ್ಠೆಯೊಂದಿದೆ, ಒಂಬತ್ತನೇ ಅಧ್ಯಾಯದಲ್ಲಿ ಸಾವಿದೆ. ಆ ಸಾವಿಗೆ ಒಂದೂವರೆ ಸಾಲು, ವಾಸುದೇವನ ಕಣ್ಣೀರಿಗೆ ಮೂರು ಪುಟ. (ಎಣಿಸಿಯೇ ಹೇಳುತ್ತಿದ್ದೇನೆ.) ‘ಜಾತಿಯ ವಿರುದ್ಧ ಬರೆದಿದ್ದೇನೆ’ ಎಂದು ಪತ್ರದಲ್ಲಿ ಹೇಳಿದ್ದೀರಿ. ಹುಟ್ಟಿನಿಂದಲೇ ಯೋಗ್ಯತೆ ಎಂದು ನಿಮ್ಮ ಕಥೆಯ ಲೋಕವೇ ಒಪ್ಪಿಕೊಂಡು ಕೂತಿರುವಾಗ, ಪಾತ್ರಗಳ ಬಾಯಲ್ಲಿ ಸಮಾನತೆಯ ಭಾಷಣ ಹಾಕಿ ಏನು ಬಂತು ಮಾರಾಯ್ರೇ?

ನಮ್ಮ ತುಳುನಾಡಿನ ದೈವದ ಕೋಲ ನೆನಪಿಸಿಕೊಳ್ಳಿ. ರಾತ್ರಿಯಿಡೀ ಗುತ್ತಿನ, ಎಂದರೆ ಊರ ದೊಡ್ಡಮನೆಯ, ಯಜಮಾನ ಕೈಮುಗಿದು ನಿಲ್ಲುವುದು ದೈವ ಕಟ್ಟಿದ, ಕೀಳೆಂದು ದೂರವಿಟ್ಟ ಜಾತಿಗಳ ನಲಿಕೆಯವನ, ಪಂಬದನ ಎದುರು. ಆ ಕಾಲದಲ್ಲಿ, ದೈವದ ಅಲಂಕಾರವಾದ ಅಣಿ ಇಳಿಸಿ ಬಣ್ಣ ತೊಳೆದುಕೊಂಡ ಮೇಲೆ ಅದೇ ಮನುಷ್ಯನಿಗೆ ಚಾವಡಿ ಹತ್ತುವ ಹಾಗಿರಲಿಲ್ಲ. ಇಂಥ ಊರಿನಿಂದ ಹೊರಟ ಕಥೆಯಲ್ಲಿ ತುಕ್ರ ಬರಿಗೈಯಲ್ಲಿ ಬರುವುದೆಂದರೇನು?

ಬೊಂಬಾಯಿಯೂ ನಿಮಗೆ ಬೇಕಾದ್ದನ್ನು ಕೊಟ್ಟಿದೆ. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಪ್ಲೇಗ್ ಪತ್ತೆಯಾಯಿತು. ಜನ ಗಂಟುಮೂಟೆ ಕಟ್ಟಿ ಓಡತೊಡಗಿದಾಗ ಮುನಿಸಿಪಾಲಿಟಿಯವರ ಎದೆ ಹೊಡೆದುಕೊಂಡದ್ದು ಹಲಾಲ್‌ಖೋರರೂ ಹೊರಟುಬಿಟ್ಟಾರೆಂದು. ಮಲ ಹೊರುವವರು, ಕಸ ಬಳಿಯುವವರು. ಅವರಿಲ್ಲದಿದ್ದರೆ ನಗರದಲ್ಲಿ ಯಾರೂ ಬದುಕಲಾಗದು ಎಂಬ ಭಯವೂ ಸೇರಿ ಬಿಗಿ ಕ್ರಮಗಳನ್ನು ಸಡಿಲಿಸಿದರು. ಯಾರನ್ನು ಮುಟ್ಟುವುದಿಲ್ಲವೋ ಅವರ ಪೊರಕೆಗೆ ನಗರ ನಡುಗಿತು. ತುಕ್ರನನ್ನು ಆ ಕೆಲಸಕ್ಕೆ ಸೇರಿಸಿ ನೋಡಿ. ಮಂತ್ರ ಅವನ ಕೈಗೇ ಬರಲಿ, ಆಗ ವಾಸುದೇವ ಅದನ್ನು ಬೇಡಬೇಕಾಗುತ್ತದೆ.

ಮೂರನೇ ಅಧ್ಯಾಯದ ಚಾಳಿನ ನಲ್ಲಿಯ ದೃಶ್ಯವನ್ನು ಮಾತ್ರ ಮುಟ್ಟಬೇಡಿ. ವಾಸುದೇವ ಎತ್ತರದಿಂದ ನೀರು ಹೊಯ್ಯುತ್ತಾನೆ, ತುಕ್ರ ಬೊಗಸೆಯೊಡ್ಡಿ ಕುಡಿಯುತ್ತಾನೆ; ಅವನ ಮೊಣಕೈಯಿಂದಿಳಿದ ನೀರು ಒಣಗುವವರೆಗೂ ವಾಸುದೇವ ಆ ಕಲ್ಲು ತುಳಿಯುವುದಿಲ್ಲ. ನೀವಲ್ಲಿ ಒಂದು ಮಾತೂ ವಿವರಿಸಿಲ್ಲ.

ತಿದ್ದುವುದಾದರೆ ಒಂಬತ್ತನೇ ಅಧ್ಯಾಯವನ್ನೇ ಮೊದಲು ಕಳಿಸಿ, ತುಕ್ರನ ಕಡೆಯಿಂದ ಬರೆದು.

ನಿಮ್ಮ,
ಸಂಪಾದಕ