ಹಳೆಯ ಹಾರ್ಪ್ (ಬೆರಳಿನಿಂದ ಮೀಟುವ ತಂತಿವಾದ್ಯ) ಸ್ಪರ್ಧೆಗಳಲ್ಲಿ ಯಾವುದು ಮುಖ್ಯ?

ನನ್ನ ಪ್ರಕಾರ 1792ರ ಜುಲೈನಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ನಡೆದದ್ದು. ಊರೂರು ಸುತ್ತಿ ಹಾರ್ಪ್ ನುಡಿಸುವವರು ಆಗಲೇ ಕಡಿಮೆಯಾಗಿದ್ದರು. ಬಹುಮಾನ ಇಟ್ಟು ಕರೆದರೂ ಬಂದ ಐರಿಷ್ ವಾದಕರು ಹತ್ತೇ ಮಂದಿ, ಜೊತೆಗೆ ವೇಲ್ಸ್‌ನ ಒಬ್ಬರು. ಹಲವರಿಗೆ ಕಣ್ಣು ಕಾಣುತ್ತಿರಲಿಲ್ಲ. ಡೆನಿಸ್ ಹೆಂಪ್ಸನ್‌ಗಂತೂ ತೊಂಬತ್ತು ದಾಟಿತ್ತು. ಉದ್ದ ಉಗುರಿನಿಂದ ಲೋಹದ ತಂತಿ ಮೀಟುವ ಹಳೇ ಪದ್ಧತಿ ಉಳಿದಿದ್ದು ಅವರೊಬ್ಬರಲ್ಲೇ.

ಮೊದಲ ಬಹುಮಾನ, 10 ಗಿನಿ (ಆಗಿನ ಬ್ರಿಟಿಷ್ ಚಿನ್ನದ ನಾಣ್ಯ), ಹೋಗಿದ್ದು ಮಾತ್ರ ಚಾರ್ಲ್ಸ್ ಫ್ಯಾನಿಂಗ್‌ಗೆ! ಹಳೇ ಧಾಟಿಗೆ ಹೊಸ ರುಚಿ ಬೆರೆಸಿ ನುಡಿಸಿದ್ದರು. ಜನ ಮೆಚ್ಚೋದು ಅದನ್ನೇ ಅಲ್ವಾ?

ಆದರೆ ನಿಜವಾದ ಲಾಭ ಬೇರೆ. ಧಾಟಿಗಳನ್ನು ಬರೆದುಕೊಳ್ಳಲು ಎಡ್ವರ್ಡ್ ಬಂಟಿಂಗ್ ಎಂಬ 19ರ ಹುಡುಗನನ್ನು ಕೂರಿಸಿದ್ದರು. ಆತ ಮುಂದೆ ಊರೂರು ಅಲೆದು ಇನ್ನಷ್ಟು ಸೇರಿಸಿ, 1796ರಲ್ಲಿ ಮೊದಲ ಸಂಗ್ರಹ ಅಚ್ಚು ಹಾಕಿಸಿದ.